ಚಾಪೆಯ ತುಂಗೆ, ಗಡ್ಡೆಯ ತುಂಗೆ

ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಬೀದರಿನ ಕಡೆಯ ಮಹನೀಯರೊಬ್ಬರು ದಯಮಾಡಿಸಿದ್ದರು. ನೌಕರಿಯಿಂದ ನಿವೃತ್ತರಾದ ತರುವಾಯ ನಗರದ ಹೊರಗೆ ಒಂದು ತುಂಡು ಭೂಮಿಯನ್ನು ಕೊಂಡಿರುವರಂತೆ. ಅದರ ತಗ್ಗಿನಲ್ಲಿ ಮಳೆಯ ನೀರು ನಿಲ್ಲುವುದರಿಂದ ಅಲ್ಲಿ ತುಂಗೆಯನ್ನು ನೆಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಮುಂದೆ ಚಾಪೆಗೂ ಒದಗುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ತುಂಗೆಯ ಗಡ್ಡೆ ಎಲ್ಲಿ ಸಿಕ್ಕೀತು ಎಂಬುದು ಅವರ ಪ್ರಶ್ನೆ. ನಾವು ಚಹ ತರಿಸಿಕೊಟ್ಟು, "ಯಾವ ತುಂಗೆ, ಸ್ವಾಮಿ?" ಎಂದು ಕೇಳಿದೆವು. ಅವರು ನಮ್ಮ ಮುಖವನ್ನೇ ನೋಡಿದರು. ತುಂಗೆಯಲ್ಲಿ ಎರಡುಂಟೆಂಬುದು ಅವರಿಗೆ ತಿಳಿದಿರಲಿಲ್ಲ. 2018ರ ಮಳೆಗಾಲದವರೆಗೆ ನಮಗೂ ತಿಳಿದಿರಲಿಲ್ಲ. ತಿಳಿಯದಿದ್ದ ಕಾರಣ ನಾವು ಮಾಡಿದ ಕೆಲಸದಿಂದ ಬಡ ಒಕ್ಕಲು ಹೆಂಗಸೊಬ್ಬಳ ಸೊಪ್ಪಿನ ಮಡಿ ಹಾಳಾಯಿತು. ಆ ಮಹನೀಯರಿಗೆ ಅಂದು ಬಾಯಿಮಾತಿನಲ್ಲಿ ಹೇಳಿದುದನ್ನು ಇಂದು ಎಲ್ಲ ವಾಚಕರಿಗೂ ಹೇಳುತ್ತಿದ್ದೇವೆ. ನಮ್ಮ ಜನರಲ್ಲಿ ಅನೇಕರು ಈಗ ಮೇಡ್ಚಲ್, ಶಾಮೀರ್‌ಪೇಟೆ, ಘಟಕೇಸರಗಳ ಕಡೆಗೆ ನಿವೇಶನಗಳನ್ನು ಕೊಂಡು ಗಿಡ ಮರಗಳ ಆಸೆಯನ್ನು ಇಟ್ಟುಕೊಂಡಿರುವುದರಿಂದ ಇದನ್ನು ಹೇಳುವುದು ಅವಶ್ಯವೆಂದು ತೋರಿತು.

ನಾವು ಸಸ್ಯಶಾಸ್ತ್ರವನ್ನು ಓದಿದವರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಕುಂದಾಪುರದ ಕಡೆಯಿಂದ ರೈಲು ಹತ್ತಿ ಬಂದು, ಕಾಚಿಗುಡದಲ್ಲಿ ಲೋಟ ತೊಳೆಯುವುದರಿಂದ ಮೊದಲು ಮಾಡಿ, ಕಡೆಗೆ ಸ್ವಂತ ಹೋಟೆಲು ತೆರೆದು, ಈಗ ಈ ಪತ್ರಿಕೆಯ ಕುರ್ಚಿಯಲ್ಲಿ ಕುಳಿತಿರುವವರು. ಹುಲ್ಲಿನ ವಿಷಯದಲ್ಲಿ ನಮಗಿರುವ ತಿಳಿವಳಿಕೆಯಲ್ಲಿ ಅರ್ಧ ಪುಸ್ತಕದ್ದು, ಅರ್ಧ ಗುದ್ದಲಿಯದು.

ಚಾಪೆಯ ಸಂಗತಿಯಿಂದಲೇ ಪ್ರಾರಂಭಿಸುವೆವು. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೋಟೆಲಿನ ಹುಡುಗರಿಗೆ ಮಂಚವೆಂಬುದಿರಲಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಒಂದರ ಮೇಲೊಂದು ಏರಿಸಿ, ನೆಲವನ್ನು ತೊಳೆದು, ಒಣಗಿದ ಜಾಗವನ್ನು ನೋಡಿ ಚಾಪೆ ಹಾಸಿ ಮಲಗಬೇಕು. ಊರಿನಲ್ಲಿ ನಾವು ಕಂಡದ್ದು ಮುಂಡುಗದ ಓಲೆಯ ಚಾಪೆ. ಇಲ್ಲಿ ಸಿಕ್ಕುತ್ತಿದ್ದುದು ಎರಡು ಬಗೆ: ಒಂದು, ಈಚಲ ಗರಿಯದು, ಇನ್ನೊಂದು, ತೆಲುಗರು 'ತುಂಗ ಚಾಪ' ಎನ್ನುವುದು. ಈಚಲ ಚಾಪೆ ಗಟ್ಟಿ, ಆದರೆ ಬೆನ್ನಿಗೆ ಒತ್ತುತ್ತದೆ. ತುಂಗೆಯದು ನುಣುಪು. ಏಪ್ರಿಲ್ ಮೇ ತಿಂಗಳುಗಳಲ್ಲಿ ಭಟ್ಟಿಯ ಕಾವು ಗೋಡೆಯಲ್ಲಿ ಇನ್ನೂ ಆರದಿರುವಾಗ, ತುಂಗೆಯ ಚಾಪೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಮಲಗಿದರೆ ಬೆನ್ನು ತಣ್ಣಗಾಗುತ್ತಿದ್ದಿತು. ಹಿರಿಯ ಅಡುಗೆಯವರಿಗೆ ತುಂಗೆ, ಕಿರಿಯರಿಗೆ ಈಚಲು ಎಂಬುದು ಅಲ್ಲಿನ ಅಲಿಖಿತ ಕಾನೂನು. ನಮಗೆ ತುಂಗೆಯ ಚಾಪೆ ದೊರಕಲು ಮೂರು ವರ್ಷ ಹಿಡಿಯಿತು. ತೀರ್ಥಹಳ್ಳಿಯ ಹುಡುಗನೊಬ್ಬ ಇದು ತಮ್ಮ ತುಂಗಾನದಿಯ ಹುಲ್ಲಿನದೆಂದು ನಮ್ಮೆಲ್ಲರನ್ನೂ ಬಹಳ ದಿನ ನಂಬಿಸಿದ್ದನು. ಅದು ಹೆಸರಿನ ಸಾಮ್ಯವೇ ಹೊರತು ಬೇರೇನೂ ಅಲ್ಲ.

ಇನ್ನು ಹೆಸರಿನ ಗೊಂದಲ. ಕನ್ನಡದಲ್ಲಿ ತುಂಗೆ, ಜೇಕು, ಜೊಂಡು, ಕೊನ್ನಾರಿ ಎಂಬ ಮಾತುಗಳು ಊರಿಂದೂರಿಗೆ ಬೇರೆ ಬೇರೆ ಹುಲ್ಲುಗಳಿಗೆ ಸಲ್ಲುತ್ತವೆ. ಕೆಲವೆಡೆ ನೀರಿನಂಚಿನಲ್ಲಿ ಬೆಳೆಯುವುದೆಲ್ಲವೂ ಜೊಂಡೇ. ತೆಲುಗಿನಲ್ಲಿಯೂ ಇದೇ ಪಾಡು: ಚಾಪೆ ನೇಯುವುದೂ ತುಂಗ, ಹೊಲದಲ್ಲಿ ಕಳೆಯಾಗಿ ಪೀಡಿಸುವುದೂ ತುಂಗ, ಬೇಗಂ ಬಜಾರಿನ ಔಷಧಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕುವ ಕಪ್ಪು ಗಡ್ಡೆಯೂ ತುಂಗಮುಸ್ತೆ. ಹೆಸರಿಟ್ಟವರು ತಪ್ಪಿದರೆಂದು ಹೇಳಲಾಗದು. ಇವೆಲ್ಲ ನಿಜವಾಗಿಯೂ ಒಂದೇ ಕುಲದವು. ಸಸ್ಯಶಾಸ್ತ್ರಜ್ಞರು ಎರಡನ್ನೂ ಸೈಪರಸ್ ಎಂಬ ಕುಲದಲ್ಲಿ ಇಟ್ಟಿದ್ದಾರೆ. ಈಜಿಪ್ಟಿನ ಪ್ರಾಚೀನರು ಯಾವುದರ ದಂಟನ್ನು ಸೀಳಿ ಜೋಡಿಸಿ ಬರೆಯುವ ಹಾಳೆಯನ್ನು ಮಾಡುತ್ತಿದ್ದರೋ ಆ ಪಪೈರಸ್ ಸಹ ಇದೇ ಕುಲದ್ದು.

ಕುಲವನ್ನು ಗುರುತಿಸಲು ಬೆರಳೇ ಸಾಕು. ಹೂವನ್ನು ಹೊತ್ತ ದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊರಳಿಸಬೇಕು. ಗರಿಕೆ, ಭತ್ತ, ಜೋಳಗಳಂತಹ ನಿಜವಾದ ಹುಲ್ಲಿನ ದಂಟು ದುಂಡಗೆ ಇರುತ್ತದೆ, ನಡುನಡುವೆ ಗೆಣ್ಣುಗಳಿರುತ್ತವೆ. ತುಂಗೆಯ ಕುಲದ್ದಾದರೆ ದಂಟಿಗೆ ಮೂರು ಮೂಲೆಗಳು, ಗೆಣ್ಣು ಇಲ್ಲ. ಬೆರಳಿನಲ್ಲಿ ಸಲೀಸಾಗಿ ಉರುಳದು. ಶೀತ ದೇಶಗಳವರು ಯಾವುದರ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ದೀಪ ಉರಿಸುತ್ತಿದ್ದರೋ, ಜಪಾನಿನವರು ತಮ್ಮ ತತಾಮಿ ಹಾಸುಗಳ ಮೈಗೆ ಯಾವುದನ್ನು ನೇಯುತ್ತಾರೋ, ಆ ಜಂಕಸ್ ಎಂಬ ಜೊಂಡು ಬೇರೆಯದು. ಅದರ ದಂಟು ದುಂಡಗಿದ್ದು ಗೆಣ್ಣಿಲ್ಲದೆ ಇರುತ್ತದೆ. ಹುಸೇನ್ ಸಾಗರದಂತಹ ಕೆರೆಗಳ ಅಂಚಿನಲ್ಲಿ ಆಳುದ್ದಕ್ಕಿಂತ ಎತ್ತರ ಬೆಳೆದು, ತುದಿಯಲ್ಲಿ ಕಂದು ಬಣ್ಣದ ಉರುಟು ತೆನೆಯನ್ನು ಹೊರುವ ಗಿಡವೂ ತುಂಗೆಯಲ್ಲ. ಅದು ಆಪು, ತೆಲುಗರ ಜಮ್ಮು. ಚರಂಡಿಯ ನೀರು ಕೆರೆಗೆ ಸೇರಿದಲ್ಲೆಲ್ಲ ಅದು ಕೊಬ್ಬಿ ಬೆಳೆಯುತ್ತದೆ. ಅದರ ಮಾತು ಇನ್ನೊಮ್ಮೆ.

ಈಗ ಒಂದೇ ಕುಲದ ಈ ಇಬ್ಬರು ದಾಯಾದಿಗಳನ್ನು ಎದುರುಬದುರು ಇಟ್ಟು ನೋಡೋಣ.

ಚಾಪೆಯ ತುಂಗೆಯನ್ನು ಶಾಸ್ತ್ರದಲ್ಲಿ ಸೈಪರಸ್ ಪಂಗೋರೈ ಎಂದು ಕರೆಯುತ್ತಾರೆ. 1773ರಲ್ಲಿ ರಾಟ್‌ಬೋಲ್ ಎಂಬ ಡೆನ್ಮಾರ್ಕಿನ ಪಂಡಿತನು ಇಟ್ಟ ಹೆಸರು ಇದು. ಅದರಲ್ಲಿ ತಮಿಳರ 'ಕೋರೈ' ಎಂಬ ಮಾತು ಕೇಳಿದಂತಾಗುತ್ತದೆ. ಗಡ್ಡೆಯ ತುಂಗೆ, ಎಂದರೆ ನಮ್ಮ ಕೊನ್ನಾರಿ ಅಥವಾ ಜೇಕು, ಲಿನೆಯಸ್ 1753ರಲ್ಲಿ ಹೆಸರಿಸಿದ ಸೈಪರಸ್ ರೊಟಂಡಸ್. ರೊಟಂಡಸ್ ಎಂದರೆ ದುಂಡನೆಯದು.

ಚಾಪೆಯ ತುಂಗೆ ಎತ್ತರದ ಗಿಡ. ಎರಡು ಮೂರು ಅಡಿ ಸಾಧಾರಣ, ಹದವಾದ ಕೆಸರಿನಲ್ಲಿ ಅದಕ್ಕಿಂತ ಹೆಚ್ಚು. ನೋಡಿದವರಿಗೆ ಬರಿಯ ಕಡ್ಡಿಗಳ ಗುಂಪಿನಂತೆ ಕಾಣುತ್ತದೆ. ಯಾತಕ್ಕೆಂದರೆ ಅದಕ್ಕೆ ಹೇಳಿಕೊಳ್ಳುವಂತಹ ಎಲೆಯೇ ಇಲ್ಲ. ಬುಡದಲ್ಲಿ ದಂಟನ್ನು ಸುತ್ತಿದ ಸಿಪ್ಪೆಯಂತಹ ಪೊರೆ, ಕೆಲವಕ್ಕೆ ಗಿಡ್ಡ ಎಲೆ, ಅಷ್ಟೆ. ಉಳಿದದ್ದೆಲ್ಲ ಒಂದೇ ಸಮನಾದ ಹಸಿರು ದಂಟು, ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಬಿಡಿಸಿಕೊಂಡ ಹೂಗೊಂಚಲು. ಎಲೆಯಿಲ್ಲದ ಈ ನೀಳವಾದ ದಂಟೇ ನೇಕಾರನಿಗೆ ಬೇಕಾದ ವಸ್ತು. ಮೂರು ಮೂಲೆಗಳು ಇದರಲ್ಲಿ ಮೊಂಡಾಗಿದ್ದು, ಕೆಳಭಾಗದಲ್ಲಿ ಬಹುಮಟ್ಟಿಗೆ ದುಂಡಾಗಿಯೇ ತೋರುತ್ತದೆ. ಕಿತ್ತರೆ ಮಣ್ಣಿನಲ್ಲಿ ಅಡ್ಡಲಾಗಿ ಹರಿದಿರುವ ದಪ್ಪನೆಯ ಬೇರುಕಾಂಡ ಸಿಕ್ಕುತ್ತದೆ. ಗಡ್ಡೆಯ ಸರ ಸಿಕ್ಕುವುದಿಲ್ಲ.

ಗಡ್ಡೆಯ ತುಂಗೆ ಗಿಡ್ಡ. ಗೇಣುದ್ದದಿಂದ ಎರಡು ಗೇಣು, ಕೊಬ್ಬಿದ ನೆಲದಲ್ಲಿ ಇನ್ನಷ್ಟು. ಬುಡದಲ್ಲೇ ಮೂರು ದಿಕ್ಕಿಗೆ ಹರಡಿದ, ಎಣ್ಣೆ ಸವರಿದಂತೆ ಹೊಳೆಯುವ ಕಡುಹಸಿರು ಎಲೆಗಳು ತುಂಬ ಇರುತ್ತವೆ. ನಡುವಿನಿಂದ ಎದ್ದ ಸಣ್ಣ ಮುಮ್ಮೂಲೆಯ ದಂಟಿನ ತುದಿಯಲ್ಲಿ ಕೆಂಗಂದು ಬಣ್ಣದ ಹೂತೆನೆಗಳು. ಇದರ ಗುಟ್ಟು ನೆಲದ ಕೆಳಗಿದೆ. ತಂತಿಯಂತಹ ಗಟ್ಟಿ ಬೇರುಕಾಂಡದಲ್ಲಿ ಜಪಮಣಿಯಂತೆ ಒಂದಾದ ಮೇಲೊಂದು ಗಡ್ಡೆಗಳು ಪೋಣಿಸಿಕೊಂಡಿರುತ್ತವೆ. ಹೊರಗೆ ಕಪ್ಪು, ಮೈಮೇಲೆ ನಾರು. ಕತ್ತರಿಸಿದರೆ ಒಳಗೆ ಬಿಳುಪು, ಘಮವಾದ ವಾಸನೆ. ಬೀಜ ಮೊಳೆತು ಹುಟ್ಟುವುದು ಇದರಲ್ಲಿ ಅಪರೂಪ; ಸಂತಾನವೆಲ್ಲವೂ ಗಡ್ಡೆಯಿಂದಲೇ.

ಇನ್ನೊಂದು ಭೇದವನ್ನು ಹೇಳಿದರೆ ಉಳಿದದ್ದೆಲ್ಲವೂ ಅದರಿಂದ ತಿಳಿದೀತು. ಚಾಪೆಯ ತುಂಗೆಗೆ ನೀರೇ ಜೀವ: ಕೆರೆಯಂಚು, ಕಾಲುವೆಯ ದಡ, ನದಿಯ ಮೆಕ್ಕಲು. ಗಡ್ಡೆಯ ತುಂಗೆಗೆ ಬಿಸಿಲು ಸಾಕು. ಹೊಲ, ತೋಟ, ಅಂಗಳ, ಗಾರೆಯ ಬಿರುಕು, ಎಲ್ಲಿಯೂ ಅದು ಬದುಕುತ್ತದೆ. ಸದಾ ನೀರು ನಿಂತ ಭತ್ತದ ಗದ್ದೆಯಲ್ಲಿ ಸಾಮಾನ್ಯವಾಗಿ ಅದು ಕುಗ್ಗುತ್ತದೆ. ದಟ್ಟವಾದ ನೆರಳಿನಲ್ಲಿಯೂ ಕುಗ್ಗುತ್ತದೆ.

ಇಷ್ಟೆಲ್ಲ ತಿಳಿದದ್ದು ಹೇಗೆಂಬುದೇ ನಾವು ಹೇಳಹೊರಟ ಕಥೆ.

ಶಾಮೀರ್‌ಪೇಟೆಯ ದಾರಿಯಲ್ಲಿ ನಾವು ಒಂದು ತುಂಡು ಭೂಮಿಯನ್ನು ಹಿಡಿದು, ಹೋಟೆಲಿಗೆ ಬೇಕಾದ ಇಡ್ಲಿ ದೋಸೆಗಳ ಹಿಟ್ಟನ್ನು ಅಲ್ಲಿಯೇ ರುಬ್ಬಿಸಿ ನಗರಕ್ಕೆ ತರುವ ಏರ್ಪಾಡು ಮಾಡಿದ್ದೆವು. ಅಕ್ಕಿ ಬೇಳೆ ತೊಳೆದ ನೀರು ದಿನವೂ ಹೊರಗೆ ಹರಿದು ಒಂದು ತಗ್ಗಿನಲ್ಲಿ ನಿಂತು ಹುಳಿವಾಸನೆ ಬರುತ್ತಿದ್ದಿತು. ಆ 2018ನೆಯ ವರ್ಷವೇ ಮಣಿಕೊಂಡದ ಬಳಿಯ ನೆಕ್ನಾಂಪುರ ಕೆರೆಯಲ್ಲಿ ತೇಲುವ ಹಾಸುಗಳ ಮೇಲೆ ಆಪು, ಲಾವಂಚ, ಕಾಬಾಳೆ ಮೊದಲಾದ ಗಿಡಗಳನ್ನು ಬೆಳೆಸಿ, ಅವುಗಳ ಬೇರುಗಳಿಂದ ಕೊಳಕು ನೀರನ್ನು ತಿಳಿಗೊಳಿಸುವ ಪ್ರಯತ್ನ ನಡೆದ ಸುದ್ದಿಯನ್ನು ಓದಿದೆವು. ನಮ್ಮ ತಗ್ಗಿಗೂ ಅಂತಹುದೇ ಉಪಾಯವಾಗಬಾರದೇಕೆ ಎನ್ನಿಸಿತು. ಆಪಿಗಿಂತ ತುಂಗೆಯನ್ನು ಹಾಕಿದರೆ ನೀರೂ ತಿಳಿಯಾಗುತ್ತದೆ, ಹುಡುಗರಿಗೆ ಚಾಪೆಯೂ ಆಗುತ್ತದೆ. ಒಂದು ಕಲ್ಲಿಗೆ ಎರಡು ಹಣ್ಣು. ಹೋಟೆಲಿನವನ ಬುದ್ಧಿ, ಉಳಿದ ಅನ್ನವನ್ನು ಚಿತ್ರಾನ್ನ ಮಾಡುವ ಬುದ್ಧಿ.

ಸಸಿ ಮಾರುವವನೊಬ್ಬನಲ್ಲಿ 'ತುಂಗ ಬೇಕು' ಎಂದೆವು. ಅವನು ಮರುವಾರ ಒಂದು ಗೋಣಿಚೀಲದ ತುಂಬ ಕಪ್ಪು ಗಡ್ಡೆಗಳನ್ನು ತಂದು ಕೊಟ್ಟನು. ಅವನನ್ನು ದೂರುವುದಕ್ಕಿಲ್ಲ. ಕೇಳಿದ ಹೆಸರಿನ ವಸ್ತುವನ್ನೇ ಆತ ಕೊಟ್ಟಿದ್ದನು. ಏತಕ್ಕೆ ಬೇಕೆಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಗಡ್ಡೆಗಳನ್ನು ತಗ್ಗಿನ ಸುತ್ತ ಊರಿಸಿದೆವು. ನೀರಿನ ನಡುವೆ ಹಾಕಿದವು ಕೊಳೆತವು. ದಡದ ಮೇಲಿನವು ಹದಿನೈದು ದಿನಗಳಲ್ಲಿ ಹಸಿರಾಗಿ ಎದ್ದು ನಿಂತವು. ಎಷ್ಟು ಸೊಗಸಾಗಿ ಬಂದಿತೆಂದರೆ, ನೋಡಲು ಬಂದ ಸ್ನೇಹಿತರಿಗೆಲ್ಲ ತೋರಿಸಿ ಹಿಗ್ಗಿದೆವು. ಗೇಣುದ್ದವಾಗಿ ನಿಂತಾಗ, ಇನ್ನೂ ಎಳೆಯದು, ಮುಂದಿನ ವರ್ಷ ಎತ್ತರವಾದೀತು ಎಂದು ಸಮಾಧಾನ ಮಾಡಿಕೊಂಡೆವು.

ನಮ್ಮ ಬದುವಿನ ಆಚೆಗೆ ವಯಸ್ಸಾದ ಹೆಂಗಸೊಬ್ಬಳ ತೋಟವಿತ್ತು. ತೋಟವೆಂದರೆ ದೊಡ್ಡ ಮಾತು; ಪಾಲಕ, ಮೆಂತೆ, ಕೊತ್ತಂಬರಿ, ಚುಕ್ಕೆಸೊಪ್ಪುಗಳ ಒಂದಷ್ಟು ಮಡಿಗಳು. ನಸುಕಿನಲ್ಲಿ ಕಿತ್ತು ಕಟ್ಟು ಕಟ್ಟಿ ಮಾರುಕಟ್ಟೆಗೆ ಕಳಿಸಿ ಜೀವನ ನಡೆಸುತ್ತಿದ್ದಳು. ನಾವು ಆಕೆಯನ್ನು ಇಲ್ಲಿಯ ರೂಢಿಯಂತೆ 'ಅವ್ವಾ' ಎನ್ನುತ್ತಿದ್ದೆವು. ಆಕೆ ನಮ್ಮನ್ನು 'ಬಿಡ್ಡಾ' ಎನ್ನುತ್ತಿದ್ದಳು, ಮಗುವೇ ಎಂದು. 2019ರ ಬೇಸಗೆಯಲ್ಲಿ ಒಂದು ದಿನ ಬದುವಿನ ಮೇಲೆ ನಿಂತು, "ಬಿಡ್ಡಾ, ಇದನ್ನು ಏಕೆ ಸಾಕಿದ್ದೀ?" ಎಂದು ಕೇಳಿದಳು. ಚಾಪೆಗೆಂದೆವು. ಆಕೆ ಮೊದಲು ನಕ್ಕಳು. ನಾವು ಹುಡುಗಾಟಕ್ಕೆ ಹೇಳಿದೆವೆಂದು ತಿಳಿದಿರಬೇಕು. ಬಳಿಕ ನಮ್ಮ ಮುಖವನ್ನು ನೋಡಿ ನಗುವುದನ್ನು ನಿಲ್ಲಿಸಿದಳು. "ಇದು ಆ ತುಂಗ ಅಲ್ಲ. ಇದು ಹೊಲ ತಿನ್ನುವ ತುಂಗ. ಈಗಲೇ ತೆಗೆಸು" ಎಂದಳು.

ನಾವು ತೆಗೆಸಿದೆವು. ಹೇಗೆಂದರೆ, ಆಳುಗಳನ್ನು ಇಟ್ಟು ಕುಡುಗೋಲಿನಿಂದ ಕೊಯ್ಯಿಸಿ, ತರುವಾಯ ಗುದ್ದಲಿಯಿಂದ ಕೊಚ್ಚಿಸಿದೆವು. ಇದಕ್ಕಿಂತ ದೊಡ್ಡ ಅವಿವೇಕ ಮತ್ತೊಂದಿಲ್ಲವೆಂದು ಅಂದು ತಿಳಿಯದು. ರಾಯಚೂರಿನ ಕಡೆಯ ನಿವೃತ್ತ ಮಾಸ್ತರರೊಬ್ಬರು ನಮ್ಮ ಸ್ನೇಹಿತರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಅವರು ಬಂದು ನೋಡಿ, ಒಂದು ಹಿಡಿ ಮಣ್ಣನ್ನು ಎತ್ತಿ, "ಏನ್ರೀ ಸಂಪಾದಕರೇ, ಇದು ಜೇಕು ಅಲ್ಲೇನ್ರೀ? ಕೊಚ್ಚಿ ಕೊಚ್ಚಿ ಬಿತ್ತನೆ ಮಾಡೀರಿ!" ಎಂದರು. ಗಡ್ಡೆಗಳ ಸರದಲ್ಲಿ ತುದಿಯ ಗಡ್ಡೆ ಮೊಳೆತಿರುವವರೆಗೆ ಹಿಂದಿನವನ್ನು ಅದು ನಿದ್ರೆಯಲ್ಲಿ ಇಟ್ಟಿರುತ್ತದಂತೆ, ಅವಿಭಕ್ತ ಕುಟುಂಬದ ಯಜಮಾನನ ಹಾಗೆ. ಗುದ್ದಲಿಯು ಸರವನ್ನು ತುಂಡರಿಸಿದೊಡನೆ ಯಜಮಾನಿಕೆ ಮುಗಿಯಿತು. ಮಲಗಿದ್ದ ಪ್ರತಿಯೊಂದು ಗಡ್ಡೆಯೂ ಎಚ್ಚೆತ್ತು ತನ್ನ ಸಂಸಾರವನ್ನು ಹೂಡುತ್ತದೆ. ಹತ್ತು ಗಿಡಗಳಿದ್ದಲ್ಲಿ ನಾವು ನೂರು ಮಾಡಿದ್ದೆವು.

ಈ ಒಂದು ಗುಣದಿಂದಲೇ ಕೊನ್ನಾರಿಯು ಭೂಮಂಡಲದ ಅನ್ನದಾತರನ್ನೆಲ್ಲ ಕಾಡಿದೆ. 1977ರಲ್ಲಿ ಲೆರಾಯ್ ಹಾಮ್ ಮತ್ತು ಅವರ ಸಂಗಡಿಗರು ಜಗತ್ತಿನ ಅತ್ಯಂತ ಕೆಟ್ಟ ಕಳೆಗಳ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ಮೊದಲ ಸ್ಥಾನ ಇದಕ್ಕೆ ಸಂದಿತು. 90ಕ್ಕೂ ಹೆಚ್ಚು ದೇಶಗಳಲ್ಲಿ ಇದರ ಹಾವಳಿಯುಂಟು. ಕಬ್ಬು, ಹತ್ತಿ, ತರಕಾರಿ, ಯಾವುದನ್ನೂ ಬಿಡದು. ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ಅದರ ಸೂಜಿಯಂತಹ ಮೊಳಕೆ ಚುಚ್ಚಿಕೊಂಡು ಹೊರಗೆ ಬರುವುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಮೇಲಿನ ಎಲೆಯನ್ನು ಸುಡುವ ಔಷಧಗಳು ಅನೇಕವಿದ್ದರೂ ಕೆಳಗಿನ ಗಡ್ಡೆಯವರೆಗೆ ಇಳಿಯುವವು ಕೆಲವೇ.

ಮುಂದಿನದನ್ನು ಹೇಳುವುದಕ್ಕೆ ನಮಗೆ ಸಂಕೋಚವಾಗುತ್ತದೆ. 2020ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿತು. ಹೋಟೆಲು ಮುಚ್ಚಿತು, ಹುಡುಗರು ಊರಿಗೆ ಹೋದರು, ರುಬ್ಬುವ ಕಲ್ಲುಗಳು ನಿಂತವು. ನಾವು ಶಾಮೀರ್‌ಪೇಟೆಯ ಕಡೆಗೆ ತಲೆಯಿಟ್ಟೂ ನೋಡಲಿಲ್ಲ. ಮಳೆ ಚೆನ್ನಾಗಿ ಬಂದಿತು. ಆ ಅಕ್ಟೋಬರಿನಲ್ಲಿ ಹೈದರಾಬಾದು ಮುಳುಗಿದುದನ್ನು ವಾಚಕರು ಮರೆತಿರಲಾರರು. ನಮ್ಮ ತಗ್ಗು ತುಂಬಿ, ಬದು ಒಡೆದು, ನಮ್ಮ ಮಣ್ಣು ಅವ್ವನ ಮಡಿಗಳ ಮೇಲೆ ಹರಿಯಿತು; ಮಣ್ಣಿನೊಡನೆ ಗಡ್ಡೆಗಳು. ನವೆಂಬರಿನಲ್ಲಿ ನಾವು ಹೋದಾಗ ಪಾಲಕದ ಮಡಿಯ ತುಂಬ ಆ ಹೊಳೆಯುವ ಹಸಿರು. ಸೊಪ್ಪಿನ ಮಡಿಗೆ ಇದು ತಗಲಿದರೆ ಎಷ್ಟು ತೊಂದರೆಯೆಂಬುದು ಒಕ್ಕಲುತನ ಮಾಡಿದವರಿಗೆ ಗೊತ್ತು. ಮೂರು ವಾರಗಳಲ್ಲಿ ಕೈಗೆ ಬರುವ ಬೆಳೆ. ಕಳೆ ಕೀಳಲು ಹೋದರೆ ಸೊಪ್ಪೂ ಬುಡಸಹಿತ ಬರುತ್ತದೆ, ಬಿಟ್ಟರೆ ಸೊಪ್ಪು ಏಳುವುದಿಲ್ಲ.

ಆಕೆ ಬಯ್ಯಲಿಲ್ಲ. "ನೀನು ಚಾಪೆಗೆ ಅಂತ ಹಾಕಿದೆ ಬಿಡ್ಡಾ" ಎಂದಳು. ಬಯ್ದಿದ್ದರೆ ಒಳ್ಳೆಯದಿತ್ತು. ಅರ್ಧದಷ್ಟು ಮಡಿಗಳನ್ನು ಆಕೆ ಬಿಡಬೇಕಾಯಿತು. ನಷ್ಟದ ಹಣವನ್ನು ನಾವು ಕೊಡಹೋದಾಗ ಒಂದು ವರ್ಷದ್ದನ್ನು ತೆಗೆದುಕೊಂಡು, ಮುಂದಿನದನ್ನು ಬೇಡವೆಂದಳು. ಹಣದ ಬದಲು ಆಳು ಕೊಡು ಎಂದಳು.

ಆ ಬಳಿಕ ಮಾಸ್ತರರ ಸಲಹೆಯಂತೆ ನಡೆದುಕೊಂಡೆವು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ನೆಲವನ್ನು ಆಳವಾಗಿ ಅಗೆಯಿಸಿ ಗಡ್ಡೆಗಳನ್ನು ಮೇಲಕ್ಕೆ ತಂದು ಬಿಸಿಲಿಗೆ ಬಿಡುವುದು. ಚೆನ್ನಾಗಿ ಒಣಗಿದ ಗಡ್ಡೆ ಮತ್ತೆ ಮೊಳೆಯದು. ಮಳೆ ಬೀಳುತ್ತಲೇ ಆ ಜಾಗದಲ್ಲಿ ಅಪ್ಸೆಣಬನ್ನು ಒತ್ತೊತ್ತಾಗಿ ಬಿತ್ತಿ ನೆರಳು ಮಾಡುವುದು, ಹೂ ಬಿಡುವ ಮೊದಲೇ ಅದನ್ನು ಮಣ್ಣಿಗೆ ಮಗುಚುವುದು. ನಡುವೆ ಎದ್ದ ಗಿಡಗಳನ್ನು ಕೊಚ್ಚದೆ, ಕೈಗುದ್ದಲಿಯಿಂದ ಸರಸಹಿತ ಎಬ್ಬಿಸಿ ಬಕೆಟ್ಟಿಗೆ ಹಾಕುವುದು. ನಾಲ್ಕು ಬೇಸಗೆಗಳನ್ನು ಹೀಗೆ ಕಳೆದಿದ್ದೇವೆ. ಕಡಿಮೆಯಾಗಿದೆ, ಹೋಗಿಲ್ಲ.

ಹಾಗೆಂದು ಕೊನ್ನಾರಿಯನ್ನು ಬರಿಯ ದುಷ್ಟನೆಂದು ಹೇಳಿದರೆ ಅನ್ಯಾಯವಾದೀತು. ಆಯುರ್ವೇದದ 'ಮುಸ್ತಾ', ನಮ್ಮ ಅಜ್ಜಿಯರ ಭದ್ರಮುಷ್ಟಿ ಇದೇ. ಜ್ವರ ಬಂದವರ ನೀರಡಿಕೆಗೆ ವೈದ್ಯರು ಕಾಯಿಸಿ ಕೊಡುತ್ತಿದ್ದ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಮೊದಲನೆಯದು ಮುಸ್ತಾ. ಲಾವಂಚ, ಚಂದನ, ಶುಂಠಿ ಮೊದಲಾದವು ಅದರ ಜೊತೆಗಾರರು. ಭೇದಿ ಅಜೀರ್ಣಗಳ ಮದ್ದಿನಲ್ಲಿಯೂ ಇದರ ಹೆಸರು ಬರುತ್ತದೆ. ಕಾಡುಹಂದಿಗಳಿಗೆ ಈ ಗಡ್ಡೆ ಬಲು ಪ್ರಿಯ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಬೇಟೆಯನ್ನು ನಿಲ್ಲಿಸಿದ ದುಷ್ಯಂತನು ಇನ್ನು ಹಂದಿಗಳು ಹೊಂಡದ ಕೆಸರಿನಲ್ಲಿ ಹೆದರಿಕೆಯಿಲ್ಲದೆ ಮುಸ್ತೆಯನ್ನು ಅಗೆಯಲಿ ಎನ್ನುತ್ತಾನೆ. ಇದನ್ನು ಮಾಸ್ತರರು ನಮಗೆ ಹೇಳಿದಾಗ, ಶಾಮೀರ್‌ಪೇಟೆಗೆ ನಾಲ್ಕು ಹಂದಿಗಳನ್ನು ತರಿಸುವ ವಿಚಾರವೂ ಬಂದಿತ್ತು. ಅವು ಅವ್ವನ ಸೊಪ್ಪನ್ನೂ ಬಿಡಲಾರವೆಂದು ಕೈಬಿಟ್ಟೆವು.

ಚಾರ್‌ಮಿನಾರಿನ ಅತ್ತರಿನ ಅಂಗಡಿಗಳಲ್ಲಿ ಮತ್ತು ಬೇಗಂ ಬಜಾರಿನಲ್ಲಿ 'ನಾಗರ್ ಮೋಥಾ' ಎಂಬ ಹೆಸರು ಕೇಳಿಬರುತ್ತದೆ. ಅದು ಇದೇ ಕುಲದ, ಗಡ್ಡೆ ಬಿಡುವ ಮತ್ತೊಂದು ದಾಯಾದಿ. ಅದರ ಎಣ್ಣೆಗೆ ಮಣ್ಣಿನ ಮತ್ತು ಮರದ ವಾಸನೆ ಸೇರಿದ ಒಂದು ಗಾಢವಾದ ಪರಿಮಳವಿದೆ. ವ್ಯಾಪಾರದಲ್ಲಿ ಕೊನ್ನಾರಿಯೂ ಅದೂ ಒಂದರ ಬದಲು ಒಂದು ಬರುವುದುಂಟು. ನಾವು ನಮ್ಮ ಬಕೆಟ್ಟಿನ ಗಡ್ಡೆಗಳನ್ನು ತೊಳೆದು ಒಣಗಿಸಿ ಒಂದು ಚೀಲವನ್ನು ಮದ್ದಿನ ಸಾಮಾನಿನ ಅಂಗಡಿಗೆ ಕೊಂಡೊಯ್ದೆವು. ಅಂಗಡಿಯವನು ಒಂದನ್ನು ಹಲ್ಲಿನಲ್ಲಿ ಕಡಿದು, ಮೂಸಿ, ತೆಗೆದುಕೊಂಡನು. ಬಂದ ಹಣವು ಆಳಿನ ಒಂದು ದಿನದ ಕೂಲಿಗೆ ಸಾಲಲಿಲ್ಲ.

ಚಾಪೆಯ ತುಂಗೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದನ್ನು ಕೊಲ್ಲುವುದಕ್ಕೆ ಯಾರೂ ಶ್ರಮಪಡಬೇಕಾಗಿಲ್ಲ; ಕೆರೆಯ ಅಂಚನ್ನು ಮುಚ್ಚಿದರೆ ಆಯಿತು. ಹೈದರಾಬಾದು ಕೆರೆಗಳ ಪಟ್ಟಣವಾಗಿದ್ದಿತು. 1560ರ ದಶಕದಲ್ಲಿ ಇಬ್ರಾಹಿಂ ಕುತುಬ್ ಶಾಹನ ಕಾಲದ ಹುಸೇನ್ ಸಾಗರದಿಂದ ಹಿಡಿದು, 1908ರ ಮೂಸಿಯ ಮಹಾಪ್ರಳಯದ ತರುವಾಯ ನಮ್ಮ ವಿಶ್ವೇಶ್ವರಯ್ಯನವರ ಸಲಹೆಯ ಮೇಲೆ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳವರೆಗೆ, ನಡುವೆ ಲೆಕ್ಕವಿಲ್ಲದಷ್ಟು ಕುಂಟೆಗಳು. ಮಾಸಾಬ್ ಟ್ಯಾಂಕ್ ಎಂಬಲ್ಲಿ ಇಂದು ಟ್ಯಾಂಕಿಲ್ಲ, ಹೆಸರು ಮಾತ್ರ ಬಸ್ಸಿನ ಫಲಕದ ಮೇಲಿದೆ. 2024ರಲ್ಲಿ ತೆಲಂಗಾಣ ಸರಕಾರವು ಕೆರೆಗಳ ಒತ್ತುವರಿಯನ್ನು ತೆರವು ಮಾಡಲು ಹೈಡ್ರಾ ಎಂಬ ಸಂಸ್ಥೆಯನ್ನು ನಿರ್ಮಿಸಿತು. ಅಂಬರ್‌ಪೇಟೆಯಲ್ಲಿ ಕಸ ಮಣ್ಣುಗಳಿಂದ ಮುಚ್ಚಿಹೋಗಿದ್ದ ಬತುಕಮ್ಮ ಕುಂಟೆಯನ್ನು ಅಗೆದಾಗ ಮತ್ತೆ ನೀರು ಕಂಡಿತು. ಕುಂಟೆ ಮರಳಿ ಬಂದರೂ ಕಲ್ಲುಕಟ್ಟಡದ ದಡದಲ್ಲಿ ತುಂಗೆ ಬೇರೂರದು. ಅದಕ್ಕೆ ಬೇಕಾದುದು ನೀರೂ ಅಲ್ಲದ, ನೆಲವೂ ಅಲ್ಲದ ಇಳಿಜಾರಿನ ಕೆಸರು. ಪಟ್ಟಣದಲ್ಲಿ ಅಷ್ಟು ಜಾಗವನ್ನು ಸುಮ್ಮನೆ ಬಿಡುವವರು ಯಾರು?

ಬೇರೆ ಕಡೆಗಳಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಸುತ್ತಾರೆ. ತಮಿಳುನಾಡಿನಲ್ಲಿ ಕಾವೇರಿಯ ದಡದ ಕರೂರು, ಮುಸಿರಿಗಳ ಸೀಮೆಯಲ್ಲಿ ಕೋರೈ ಹೊಲಗಳೇ ಉಂಟು. ಒಮ್ಮೆ ನೆಟ್ಟರೆ ಬೇರುಕಾಂಡದಿಂದ ಮತ್ತೆ ಮತ್ತೆ ಚಿಗುರಿ ಹಲವು ವರ್ಷ ಕೊಯ್ಲು ಕೊಡುತ್ತದೆ. ಹಸಿಯ ದಂಟನ್ನು ಕೊಯ್ದು, ತಲೆಯನ್ನು ಕತ್ತರಿಸಿ, ಉದ್ದಕ್ಕೆ ಸೀಳಿ ಬಿಸಿಲಿಗೆ ಹಾಕಿದರೆ ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತದೆ. ತಿರುನೆಲ್ವೇಲಿ ಜಿಲ್ಲೆಯ ಪತ್ತಮಡೈ ಎಂಬ ಊರಿನವರಂತೂ ಅದನ್ನು ತಾಮ್ರಪರ್ಣಿಯ ಹರಿಯುವ ನೀರಿನಲ್ಲಿ ಕೆಲವು ದಿನ ನೆನೆಹಾಕಿ, ಊದಿದ ತಿರುಳನ್ನು ಹೆರೆದು ತೆಗೆದು, ಉಳಿದ ಸಿಪ್ಪೆಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಹತ್ತಿಯ ಹಾಸಿನ ಮೇಲೆ ನೇಯುತ್ತಾರೆ. ಮಡಚಿದರೆ ರೇಷ್ಮೆಯ ವಸ್ತ್ರದಂತೆ ಮಡಚಿಕೊಳ್ಳುವ ಚಾಪೆ ಅದು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಅಲ್ಲಿಂದ ಚಾಪೆ ಹೋಗಿತ್ತೆಂಬುದು ಪ್ರಸಿದ್ಧ ಸಂಗತಿ. ಬಂಗಾಳದ ಮೇದಿನೀಪುರದ ಕಡೆ ಇದೇ ಹುಲ್ಲಿನಿಂದ 'ಮಾದುರ್' ನೇಯುತ್ತಾರೆ. ಅದಕ್ಕೂ ಪತ್ತಮಡೈ ಚಾಪೆಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಮಣಿಪುರದವರು ಕೌನಾ ಎಂಬ ಇನ್ನೊಂದು ಜೊಂಡನ್ನು ನೀರಿನ ಗದ್ದೆಯಲ್ಲಿ ಬೆಳೆಸಿ ದಪ್ಪನೆಯ ಮೆತ್ತೆಚಾಪೆ ಮಾಡುತ್ತಾರೆ. ಇಲ್ಲಿಯ ನಮ್ಮ ಅಂಗಡಿಗಳಲ್ಲಿ ಈಗ ನೇತಾಡುತ್ತಿರುವುದು ಪ್ಲಾಸ್ಟಿಕ್ಕಿನ ಚಾಪೆ. ತೊಳೆಯಲು ಸುಲಭ, ಬೆಲೆ ಕಡಿಮೆ. ಬೇಸಗೆಯಲ್ಲಿ ಅದರ ಮೇಲೆ ಮಲಗಿದವರ ಬೆನ್ನನ್ನು ಬೆಳಿಗ್ಗೆ ನೋಡಬೇಕು.

ತಗ್ಗಿನ ಕಥೆಗೆ ಹಿಂದಿರುಗುವೆವು. 2022ರ ಮಳೆಗಾಲದಲ್ಲಿ ಅವ್ವ ತನ್ನ ತವರೂರಿಗೆ ಹೋಗಿದ್ದವಳು ಹಿಂದಿರುಗುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಬುಡವನ್ನು ತಂದಳು. ಎಲೆಯಿಲ್ಲದ ಹಸಿರು ಕಡ್ಡಿಗಳು, ಕೆಳಗೆ ಕೆಸರು ಮೆತ್ತಿದ ಬೇರುಕಾಂಡ. "ಇದು ನಿನ್ನ ಚಾಪೆ" ಎಂದು ನಮ್ಮ ಕೈಗಿಟ್ಟಳು. ಆಕೆಯ ಬಾಲ್ಯದಲ್ಲಿ ಊರ ಕೆರೆ ಬತ್ತುವ ಕಾಲಕ್ಕೆ ಹೆಂಗಸರೆಲ್ಲ ಸೇರಿ ತುಂಗವನ್ನು ಕೊಯ್ಯುತ್ತಿದ್ದರಂತೆ. ಈಗ ಕೆರೆಯ ಒಂದು ಮೂಲೆಯಲ್ಲಿ ಮಾತ್ರ ಉಳಿದಿದೆಯಂತೆ. ನಾವು ಅದನ್ನು ನೆಡುವ ಮೊದಲು ಮಾಸ್ತರರನ್ನು ಕರೆಸಿ ತೋರಿಸಿದೆವು. ಬಿಸಿ ಹಾಲು ಕುಡಿದು ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದುವನು. ಅವರು ದಂಟನ್ನು ಹೊರಳಿಸಿ, ಬೇರನ್ನು ಕೆದಕಿ, ಗಡ್ಡೆಯಿಲ್ಲವೆಂದು ಖಚಿತಮಾಡಿಕೊಂಡ ಮೇಲೆ ಆ ಬುಡವನ್ನು ನಾಲ್ಕಾಗಿ ಬಿಡಿಸಿ ತಗ್ಗಿನ ನೀರಿನಂಚಿನಲ್ಲಿ ಊರಿದೆವು. ಅಕ್ಕಿ ತೊಳೆದ ನೀರು ಅದಕ್ಕೆ ಒಗ್ಗಿತು. ಈಗ ತಗ್ಗಿನ ಮೂರು ದಿಕ್ಕಿಗೆ ನಮ್ಮ ಎದೆಯ ಮಟ್ಟಕ್ಕೆ ನಿಂತಿದೆ. ಹುಳಿವಾಸನೆ ಪೂರ್ತಿ ಹೋಗಿದೆಯೆಂದು ಹೇಳಲಾರೆವು, ಕಡಿಮೆಯಾಗಿದೆ.

ಬೀದರಿನ ಆ ಮಹನೀಯರನ್ನು ಮರುಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿದೆವು. ಒಂದರ ಬುಡವನ್ನು ಅವರಿಗೆ ಕಿತ್ತುಕೊಟ್ಟೆವು. ಇನ್ನೊಂದನ್ನು ಅವರು ಮುಟ್ಟಿದ ಮೇಲೆ ಬೂಟಿನ ಮಣ್ಣನ್ನು ಕೊಡವಿಸಿಯೇ ಕಾರು ಹತ್ತಿಸಿದೆವು. ಕುಂಡದ ಗಿಡ ತರುವವರೂ ಹೊರಗಿನ ಮಣ್ಣು ಹಾಕಿಸುವವರೂ ಒಂದು ಹಿಡಿಯನ್ನು ಬೆರಳಲ್ಲಿ ಪುಡಿಮಾಡಿ ಕಪ್ಪು ಗಡ್ಡೆ ಇದೆಯೇ ಎಂದು ನೋಡಿಕೊಳ್ಳತಕ್ಕದ್ದು. ಚಾಪೆಯ ತುಂಗೆ ಬೇಕಾದವರು, ನೀರು ನಿಲ್ಲುವ ಜಾಗವಿದ್ದರೆ ಮಾತ್ರ, ನಮ್ಮ ಕಾರ್ಯಾಲಯಕ್ಕೆ ಬಂದು ಕೇಳಬಹುದು. ಮಾರಾಟಕ್ಕಲ್ಲ.

ಕಳೆದ ವರ್ಷ ಮೊದಲ ಕೊಯ್ಲು ಮಾಡಿ ಸೀಳಿ ಒಣಗಿಸಿದ ಕಟ್ಟುಗಳು ಉಗ್ರಾಣದ ಅಟ್ಟದ ಮೇಲೆ ಇವೆ. ಮೂರು ಚಾಪೆಗಳಿಗೆ ಸಾಕಾದೀತು. ನೇಯುವವರನ್ನು ಹುಡುಕುತ್ತಿದ್ದೇವೆ, ಅವ್ವನಿಗೆ ಕೊಯ್ಯುವುದು ಗೊತ್ತು, ನೇಯ್ಗೆ ಬಾರದು. ಆಕೆಯ ಬಿಟ್ಟ ಮಡಿಗಳಲ್ಲಿ ಎರಡು ಈ ಚಳಿಗಾಲದಲ್ಲಿ ಮತ್ತೆ ಮೆಂತೆಗೆ ಬಂದಿವೆ. ಶನಿವಾರ ನಾವು ಹೋದಾಗ ಆ ವಾರ ಮಡಿಯಲ್ಲಿ ಸಿಕ್ಕ ಗಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬದುವಿನ ಕಲ್ಲಿನ ಮೇಲೆ ಸಾಲಾಗಿ ಇಟ್ಟು ಎಣಿಸಿ ತೋರಿಸುತ್ತಾಳೆ. ಮೊನ್ನೆ ಹನ್ನೊಂದಿದ್ದವು.